ಶ್ರೀರಂಗಪಟ್ಟಣದ ಕೋಟೆ ಮತ್ತು ನೂರೊಂದು ಬಸದಿಯ ಕಲ್ಲು

ಶ್ರೀರಂಗಪಟ್ಟಣದ ಬಗ್ಗೆ ಬರೋ ಪೋಸ್ಟ್‌ಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: 1454ರಲ್ಲಿ ತಿಮ್ಮಣ್ಣ ಹೆಬ್ಬಾರ ಕಲಸವಾಡಿಯ 101 ಬಸದಿ ಕೆಡವಿ, ಆ ಕಲ್ಲಿನಿಂದ ಕೋಟೆ ಕಟ್ಟಿಸಿದ. ಎಂಟು ವರ್ಷದ ಹಿಂದೆ ನಾನೂ ಇದನ್ನೇ ಬರೆದಿದ್ದೆ. ಕೋಟೆಗೋಡೆಯ ಫೋಟೋದಲ್ಲಿ ಒಂದು ಕೆತ್ತನೆಗಲ್ಲಿಗೆ ಬಾಣದ ಗುರುತು ಬೇರೆ ಹಾಕಿದ್ದೆ. ಮೊನ್ನೆ ಅದೇ ಫೋಟೋ "ಶಾಸನಾಧಾರ" ಅನ್ನೋ ತಲೆಬರಹ ಹೊತ್ತು, ಒಂದು ಜಗಳದ ಸರಕಾಗಿ ನನ್ನ ಮೊಬೈಲಿಗೇ ವಾಪಸ್ ಬಂತು.

ಯಾವ ಶಾಸನ ಸ್ವಾಮಿ? ಈ ಸಾಲಿನ ಬೆನ್ನು ಹತ್ತಿದರೆ ಕಾಲು ನಿಲ್ಲೋದು ಲೂಯಿಸ್ ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ. ಅದರಲ್ಲಿ ಇರೋದು ಹೀಗೆ: ತಿಮ್ಮಣ್ಣ ವಿಜಯನಗರಕ್ಕೆ ಹೋಗಿ ಅಪ್ಪಣೆ ತಂದ, ಸಿಕ್ಕ ನಿಧಿಯಿಂದ ಕೋಟೆ ಕಟ್ಟಿಸಿದ. ಬಸದಿಯ ಕಲ್ಲು ಹೋಗಿದ್ದು ರಂಗನಾಥನ ಗುಡಿಯನ್ನು ದೊಡ್ಡದು ಮಾಡೋಕೆ. ಗುಡಿಯ ಕಲ್ಲನ್ನು ಕೋಟೆಗೆ ಸಾಗಿಸಿದ್ದು ತಿಮ್ಮಣ್ಣ ಅಲ್ಲ, ನಾವು! ಇನ್ನು 101 ಅನ್ನೋದು ಎಣಿಕೆಯ ಸಂಖ್ಯೆಯೋ, ಕಾಣಿಕೆಯ ಸಂಖ್ಯೆಯೋ ನೀವೇ ಯೋಚಿಸಿ.

ಎಂಜಿನಿಯರ್ ಆಗಿ ನನಗೆ ನಾಚಿಕೆಯಾಗಿದ್ದು ಇನ್ನೊಂದಕ್ಕೆ. ನಾನು ಬಾಣ ಹಾಕಿದ ಗೋಡೆ 1454ರದ್ದು ಅಂತ ಹೇಳಿದವರು ಯಾರು? 1792ರ ಒಪ್ಪಂದದ ನಂತರ ಟಿಪ್ಪು ಈ ಕೋಟೆಯನ್ನು ಮತ್ತೆ ಬಲಪಡಿಸಿದ. 1799ರ ಮೇ 4ರಂದು, ಮಳೆಗಾಲಕ್ಕೆ ಮುಂಚೆ ಕಾವೇರಿ ಇಳಿದಿದ್ದಾಗ, ಇಂಗ್ಲಿಷರ ಪಡೆ ಫಿರಂಗಿಯಿಂದ ಒಡೆದ ಗೋಡೆಯ ಬಿರುಕಿನಲ್ಲೇ ಒಳನುಗ್ಗಿತು. ಹೀಗೆ ಕಟ್ಟಿ, ಒಡೆದು, ತೇಪೆ ಹಾಕಿದ ಗೋಡೆಯಲ್ಲಿ ಒಂದು ಕೆತ್ತನೆಗಲ್ಲು ಸಿಕ್ಕರೆ, ಅದು ಎಲ್ಲೋ ಒಂದು ಹಳೇ ಕಟ್ಟಡ ಇತ್ತು ಅಂತ ಮಾತ್ರ ಹೇಳುತ್ತದೆ. ಯಾವಾಗ ತಂದರು, ಯಾರು ತಂದರು, ಮೊದಲೇ ಬಿದ್ದಿತ್ತೋ ಕೆಡವಿದರೋ, ಒಂದನ್ನೂ ಹೇಳಲ್ಲ.

ಈ ಸೀಮೆಯಲ್ಲಿ ಜೈನರು ಇರಲಿಲ್ಲ ಅಂತಲ್ಲ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ಉತ್ತರ ದಡದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 900ರ ಎರಡು ಶಾಸನಗಳು ಕಳ್ಬಪ್ಪುವಿನ ಬೆಟ್ಟವನ್ನೂ ಭದ್ರಬಾಹು, ಚಂದ್ರಗುಪ್ತರ ಪಾದಚಿಹ್ನೆಯನ್ನೂ ಹೆಸರಿಸುತ್ತವೆ. ಬಸದಿಯ ಕಥೆಯನ್ನು ಪರೀಕ್ಷೆ ಮಾಡಬೇಕಾದ ಜಾಗ ಕೋಟೆಗೋಡೆ ಅಲ್ಲ, ಕಲಸವಾಡಿ. ಗೆಜೆಟಿಯರು ಅದನ್ನು ಪಟ್ಟಣದಿಂದ ಐದು ಮೈಲಿ ದಕ್ಷಿಣಕ್ಕೆ ಇಡುತ್ತದೆ. ಮೇಲಿನ ಕಲ್ಲು ಗಾಡಿ ಹತ್ತಬಹುದು, ಆದರೆ ನೂರೊಂದು ಕಟ್ಟಡದ ಪಾಯವನ್ನೂ ಯಾರೂ ಕಿತ್ತು ಹೊರೋದಿಲ್ಲ.

ಹಳೇ ಪೋಸ್ಟ್ ಅಳಿಸಿದ್ದೇನೆ. ಆ ಊರಿನ ಹೊಲ, ಕೆರೆ ಏರಿ, ಜಗಲಿಗಳಲ್ಲಿ ನಿಷಿಧಿ ಕಲ್ಲೋ ಪಾಯದ ಸಾಲೋ ಕಂಡವರು ಫೋಟೋ ಕಳಿಸಿ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಬಾಣ ಬೇಡ.