ಸಾವಿರ ಆವರ್ತಗಳ ಆಯುಸ್ಸು: ಒಂದು ಸಂಖ್ಯೆಯ ವಿಮರ್ಶೆ

ಲಿಥಿಯಂ ಬ್ಯಾಟರಿಯ ವಿವರಪತ್ರವೊಂದನ್ನು ತೆರೆದು ನೋಡಿ. ‘ಆಯುಸ್ಸು: 1000 ಆವರ್ತಗಳು’ ಎಂಬಂಥ ಸಾಲು ಅಲ್ಲಿರುವುದು ವಾಡಿಕೆ. ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಪೂರ್ತಿ ಬಳಸಿದರೆ ಅದು ಒಂದು ಆವರ್ತ. ಕೋಶದ ಸಾಮರ್ಥ್ಯ ಮೊದಲಿದ್ದುದರ ಶೇ. 80ಕ್ಕೆ ಇಳಿಯುವವರೆಗೆ ಇಂಥ ಎಷ್ಟು ಆವರ್ತಗಳು ನಡೆಯುತ್ತವೆ ಎಂಬುದನ್ನು ಈ ಸಂಖ್ಯೆ ಸಾಮಾನ್ಯವಾಗಿ ಸೂಚಿಸುತ್ತದೆ. ವಿದ್ಯಾರ್ಥಿಗಳು ಇದನ್ನು ಕೋಶದ ಸಹಜ ಗುಣವೆಂದು ಭಾವಿಸುತ್ತಾರೆ. ಕೊಳ್ಳುವವರು ಭರವಸೆಯೆಂದು ನಂಬುತ್ತಾರೆ. ಎರಡೂ ಪೂರ್ತಿ ಸರಿಯಲ್ಲ.

ಒಂದು ಲೆಕ್ಕ ಮಾಡೋಣ. ದೊಡ್ಡಬಳ್ಳಾಪುರದಲ್ಲಿ ಮನೆ, ದೇವನಹಳ್ಳಿಯಲ್ಲಿ ಶಾಲೆ ಇರುವ ಶಿಕ್ಷಕರೊಬ್ಬರು ವಿದ್ಯುತ್ ಸ್ಕೂಟರಿನಲ್ಲಿ ದಿನಕ್ಕೆ 40 ಕಿ.ಮೀ. ಓಡಾಡುತ್ತಾರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 250 ದಿನವಾದರೆ 10,000 ಕಿ.ಮೀ. ಹೊಸ ಬ್ಯಾಟರಿ ಒಂದು ಚಾರ್ಜಿಗೆ 100 ಕಿ.ಮೀ. ಓಡಿಸಿದರೆ, ಸಾಮರ್ಥ್ಯ ಕ್ರಮೇಣ ಇಳಿಯುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, 1000 ಆವರ್ತಗಳಲ್ಲಿ ಸುಮಾರು 90,000 ಕಿ.ಮೀ. ಸಿಗಬೇಕು. ಅಂದರೆ 9 ವರ್ಷ. ಆದರೆ ಆವರ್ತಗಳು ಮುಗಿಯುವ ಮೊದಲೇ ವಯಸ್ಸು ಬ್ಯಾಟರಿಯನ್ನು ಮುಗಿಸಬಹುದು. ಆವರ್ತಗಳ ಸಂಖ್ಯೆ ಈ ವಯಸ್ಸಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಬಳಸದಿದ್ದರೂ ಕೋಶಕ್ಕೆ ವಯಸ್ಸಾಗುವುದೇಕೆ? ಗ್ರಾಫೈಟಿನ ಋಣಾಗ್ರಕ್ಕೆ ತಾಗಿದ ವಿದ್ಯುದ್ವಿಭಾಜ್ಯ ದ್ರಾವಣ ತುಸು ವಿಘಟನೆಗೊಂಡು ತೆಳುವಾದ ಪೊರೆ ಕಟ್ಟುತ್ತದೆ. ಈ ಪೊರೆ ಇಲ್ಲದಿದ್ದರೆ ದ್ರಾವಣದ ವಿಘಟನೆಗೆ ತಡೆಯೇ ಇರದು. ಆದರೆ ಅದು ದಪ್ಪವಾಗುತ್ತ ಹೋದಂತೆ ಕೋಶದ ಲಿಥಿಯಂ ಅದರಲ್ಲಿ ಸಿಲುಕಿ ನಷ್ಟವಾಗುತ್ತದೆ. ಸ್ಕೂಟರ್ ನಿಂತಿದ್ದರೂ ಈ ಕ್ರಿಯೆ ನಿಲ್ಲದು. ಉಷ್ಣತೆ 10° ಸೆ. ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮ ನಿಮಗೆ ಗೊತ್ತು. ಕೋಶದ ಪರೀಕ್ಷೆ ಸಾಮಾನ್ಯವಾಗಿ 25° ಸೆ. ಆಸುಪಾಸಿನಲ್ಲಿ ನಡೆಯುತ್ತದೆ. ಏಪ್ರಿಲ್ ಮಧ್ಯಾಹ್ನ ತಗಡಿನ ಚಾವಣಿಯ ಕೆಳಗೆ ಪೂರ್ತಿ ಚಾರ್ಜ್ ಆಗಿ ನಿಂತ ಸ್ಕೂಟರಿನ ಸ್ಥಿತಿಯೇ ಬೇರೆ. ಬಿಸಿ ಒಂದೇ ಅಲ್ಲ, ಪೂರ್ತಿ ಚಾರ್ಜ್ ಆಗಿರುವುದೂ ವಯಸ್ಸನ್ನು ಬೇಗ ತರುತ್ತದೆ.

ಆಯುಸ್ಸು ಬಳಕೆಯ ರೀತಿಗೆ ಅಂಟಿಕೊಂಡಿದೆ ಎಂಬುದಕ್ಕೆ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ರೂಪುಗೊಳ್ಳುವಂಥ ಉಪಗ್ರಹಗಳು ಒಳ್ಳೆಯ ಉದಾಹರಣೆ. ಭೂಸ್ಥಿರ ಉಪಗ್ರಹ ವರ್ಷಕ್ಕೆ ಸುಮಾರು 90 ದಿನ ಮಾತ್ರ, ದಿನಕ್ಕೊಮ್ಮೆ ಭೂಮಿಯ ನೆರಳಿಗೆ ಬರುತ್ತದೆ. 15 ವರ್ಷಕ್ಕೆ 1350 ಆವರ್ತಗಳು ಸಾಕು. ಅಲ್ಲಿ ಮುಖ್ಯವಾದುದು ವಯಸ್ಸು. ಕೆಳಕಕ್ಷೆಯ ದೂರಸಂವೇದಿ ಉಪಗ್ರಹ ದಿನಕ್ಕೆ 14–15 ಸುತ್ತು ಹಾಕುತ್ತದೆ. ಸಾಮಾನ್ಯವಾಗಿ ಪ್ರತಿ ಸುತ್ತಿಗೂ ನೆರಳು. ವರ್ಷಕ್ಕೆ 5000ಕ್ಕೂ ಹೆಚ್ಚು ಆವರ್ತಗಳು. ಆದ್ದರಿಂದ ಅಲ್ಲಿ ಪ್ರತಿ ಬಾರಿ ಬ್ಯಾಟರಿಯ ಅಲ್ಪ ಭಾಗವನ್ನಷ್ಟೇ ಖರ್ಚು ಮಾಡುತ್ತಾರೆ. ಎಷ್ಟು ಆಳಕ್ಕೆ ಬಳಸಲಾಯಿತು ಎಂಬುದನ್ನು ಬಿಟ್ಟು ಆವರ್ತಗಳನ್ನು ಎಣಿಸುವುದು ಅರ್ಥಹೀನ.

ಇನ್ನು ವಿನ್ಯಾಸದ ಮಾತು. ಪ್ರತಿ ಆವರ್ತದಲ್ಲೂ ಲಿಥಿಯಂನ ಸಾವಿರದಲ್ಲೊಂದು ಪಾಲು ನಷ್ಟವಾದರೆ 2000 ಆವರ್ತಗಳ ನಂತರ ಉಳಿಯುವುದು ಶೇ. 14ಕ್ಕಿಂತ ಕಡಿಮೆ. ಹತ್ತು ಸಾವಿರದಲ್ಲೊಂದು ಪಾಲಾದರೆ ಶೇ. 82 ಉಳಿಯುತ್ತದೆ. ತರಗತಿಯಲ್ಲಿ ಈ ಲೆಕ್ಕ ಮಾಡಿಸಿ ನೋಡಿ. ಇಂಥ ಸೂಕ್ಷ್ಮ ನಷ್ಟವನ್ನು ಅಳೆಯುವ ವಿಧಾನವನ್ನು ಬೆಳೆಸಿದವರಲ್ಲಿ ಕೆನಡಾದ ಡಾಲ್ಹೌಸಿ ವಿಶ್ವವಿದ್ಯಾಲಯದ ಜೆಫ್ ಡಾನ್ ಪ್ರಮುಖರು. ಬಿರುಕು ಬಿಡದ ಒಂಟಿ ಹರಳಿನ ಧನಾಗ್ರ ವಸ್ತು ಮತ್ತು ದ್ರಾವಣಕ್ಕೆ ಸೇರಿಸುವ ಸೂಕ್ತ ಪೂರಕಗಳಿಂದ ಕಾರೊಂದನ್ನು 16 ಲಕ್ಷ ಕಿ.ಮೀ. ಓಡಿಸಬಲ್ಲ ಕೋಶ ಸಾಧ್ಯವೆಂದು ಅವರ ತಂಡ 2019ರಲ್ಲಿ ಪ್ರಕಟಿಸಿತು. ಲಿಥಿಯಂ ಕಬ್ಬಿಣ ಫಾಸ್ಫೇಟ್ ಧನಾಗ್ರವೂ ದೀರ್ಘ ಬಾಳಿಕೆಗೆ ಹೆಸರಾದದ್ದು. ಆದರೆ ಅದೇ ತೂಕಕ್ಕೆ ತುಂಬಿಕೊಳ್ಳುವ ಶಕ್ತಿ ಕಡಿಮೆ. ಆಯುಸ್ಸು ಬೇಕಾದರೆ ಬೇರೆ ಏನನ್ನಾದರೂ ಬಿಟ್ಟುಕೊಡಬೇಕು.

ಆಯುಸ್ಸು ಬೇರೆ, ವಿಶ್ವಾಸಾರ್ಹತೆ ಬೇರೆ. 200 ಕೋಶಗಳ ಬ್ಯಾಟರಿಯಲ್ಲಿ ಪ್ರತಿ ಕೋಶವೂ ದೋಷರಹಿತವಾಗಿರುವ ಸಂಭವ ಶೇ. 99.9 ಇದ್ದರೂ, ಎಲ್ಲವೂ ದೋಷರಹಿತವಾಗಿರುವ ಸಂಭವ ಶೇ. 82 ಮಾತ್ರ. ಲೋಹದ ಒಂದು ಕಣ ಅಥವಾ ತುಸು ತೇವ ಸಾಕು. ನೀರು ತಗಲಿದರೆ ದ್ರಾವಣದ ಲಿಥಿಯಂ ಲವಣದಿಂದ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಆದ್ದರಿಂದಲೇ ಕೋಶ ಕಾರ್ಖಾನೆಗಳಲ್ಲಿ ಗಾಳಿಯನ್ನು ಒಣಗಿಸಿದ ಕೊಠಡಿಗಳಿರುತ್ತವೆ.

ಈ ಮಾತು ನಮ್ಮ ಜಿಲ್ಲೆಯ ಹೊಸ್ತಿಲಿಗೇ ಬಂದಿದೆ. ದೇವನಹಳ್ಳಿ ಬಳಿಯ ರಕ್ಷಣಾ ಮತ್ತು ಅಂತರಿಕ್ಷ ಉದ್ಯಾನದಲ್ಲಿ ಎಕ್ಸೈಡ್‌ನ ಅಂಗಸಂಸ್ಥೆ 12 ಗಿಗಾವಾಟ್-ಗಂಟೆ ಗುರಿಯ ಕೋಶ ಕಾರ್ಖಾನೆಯನ್ನು 2022ರಲ್ಲಿ ಕೈಗೆತ್ತಿಕೊಂಡಿತು. ತಂತ್ರಜ್ಞಾನದ ನೆರವು ಚೀನಾದ ಎಸ್‌ವೋಲ್ಟ್ ಸಂಸ್ಥೆಯದು. ತಂತ್ರಜ್ಞಾನವನ್ನು ಹೊರಗಿನಿಂದ ತರಬಹುದು. ನಮ್ಮ ಬಿಸಿಲಿಗೆ, ನಮ್ಮ ಬಳಕೆಗೆ ಕೋಶ ಎಷ್ಟು ಕಾಲ ಬಾಳುತ್ತದೆ ಎಂಬ ಮಾಹಿತಿಯನ್ನು ಇಲ್ಲೇ ಅಳೆಯಬೇಕು.

2022ರ ಸ್ಕೂಟರ್ ಬೆಂಕಿ ಅವಘಡಗಳ ನಂತರ ಎಐಎಸ್-156 ಮಾನಕವನ್ನು ಬಿಗಿಗೊಳಿಸಲಾಯಿತು. ಅದು ಅಗತ್ಯವಾಗಿತ್ತು, ಆದರೆ ಅದರ ಕಾಳಜಿ ಸುರಕ್ಷತೆ, ಬಾಳಿಕೆಯಲ್ಲ. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ಕಾಯಿದೆ ವಾಹನ ಬ್ಯಾಟರಿಗಳ ಬಾಳಿಕೆಯ ವಿವರಗಳನ್ನು ಜೊತೆಗೆ ಕೊಡಬೇಕೆಂದು ವಿಧಿಸಿದೆ. ಸಾಲ ಮಾಡಿ ಸ್ಕೂಟರ್ ಅಥವಾ ಆಟೋ ಕೊಳ್ಳುವ ನಮ್ಮವರಿಗೂ ಆ ವಿವರ ಸಿಗಬೇಕು.

ಮುಂದಿನ ಬಾರಿ ಅಂಗಡಿಯಲ್ಲಿ ‘1000 ಆವರ್ತ’ ಎಂದರೆ ನೀವು ನಾಲ್ಕು ಪ್ರಶ್ನೆ ಕೇಳಿ: ಯಾವ ಉಷ್ಣತೆಯಲ್ಲಿ? ಎಷ್ಟು ಆಳದ ಬಳಕೆಗೆ? ಶೇಕಡ ಎಷ್ಟು ಉಳಿಯುವವರೆಗೆ? ಸುಮ್ಮನೆ ನಿಂತಿದ್ದರೆ ಎಷ್ಟು ವರ್ಷ? ಉತ್ತರ ದೊರೆಯದಿದ್ದರೆ ಆ ಸಂಖ್ಯೆಯನ್ನು ಏಕಮಾನವಿಲ್ಲದ ಅಳತೆಯಂತೆಯೇ ಪರಿಗಣಿಸಿ.