ರಾಜಗೃಹಗಳ ಚರಿತ್ರೆಯೂ ಒಂದು ಶಿಶುವಿನ ಮರಣವೂ

ಡಬ್ಲ್ಯು. ಎಚ್. ಪೈನ್ ಎಂಬಾತನು 1819ರಲ್ಲಿ ಪೂರೈಸಿದ ಆಂಗ್ಲ ರಾಜಗೃಹಗಳ ಚರಿತ್ರೆಯು ಮೂರು ಸಂಪುಟಗಳ ಗ್ರಂಥವು. ವಿಂಡ್ಸರ್, ಸೇಂಟ್ ಜೇಮ್ಸ್, ಕಾರ್ಲ್ಟನ್ ಹೌಸ್, ಕೆನ್ಸಿಂಗ್ಟನ್, ಹ್ಯಾಂಪ್ಟನ್ ಕೋರ್ಟ್, ಬಕಿಂಗ್‌ಹ್ಯಾಂ ಹೌಸ್, ಫ್ರಾಗ್‌ಮೋರ್ ಎಂಬ ಏಳು ಮನೆಗಳು ಅದರ ವಿಷಯ. ಬಣ್ಣ ತುಂಬಿದ ನೂರು ಚಿತ್ರಗಳು ಅದರ ಅಲಂಕಾರ. ಈ ಚಿತ್ರಗಳ ಬೆಲೆ ಅಲ್ಪವಲ್ಲ. ಕಾರ್ಲ್ಟನ್ ಹೌಸನ್ನು ಮುಂದೆ ಕೆಲವೇ ವರ್ಷಗಳಲ್ಲಿ ಕೆಡಹಿದುದರಿಂದ, ಅದರ ಒಳಗಣ ವೈಭವವನ್ನು ಕಾಣಬೇಕಾದವರು ಇಂದಿಗೂ ಈ ಪುಟಗಳನ್ನೇ ತೆರೆಯಬೇಕು. ಆದರೆ ಗೋಡೆ ಮಾಡುಗಳು ಗೃಹವಲ್ಲ, ಗೃಹಿಣಿಯೇ ಗೃಹವೆಂದು ಬಲ್ಲವರು ಹೇಳುವರು. ಆ ದೃಷ್ಟಿಯಿಂದ ನೋಡಿದರೆ ಪೈನನ ಏಳು ಮನೆಗಳ ಪಟ್ಟಿಯಲ್ಲಿ ಒಂದು ಮನೆ ತಪ್ಪಿಹೋಗಿದೆ. ಅದೇ ಲೆಸ್ಟರ್ ಹೌಸ್.

ಅದು ರಾಜಕುಮಾರನ ಮನೆಯಾದುದು ಒಂದು ಶಿಶುವಿನ ನಿಮಿತ್ತದಿಂದ. ಒಂದನೆಯ ಜಾರ್ಜನ ಮಗನೂ ಯುವರಾಜನೂ ಆದ ಜಾರ್ಜನಿಗೆ ಕ್ಯಾರೊಲೀನಳಲ್ಲಿ 1717ರ ನವೆಂಬರ್ 13ರಂದು, ಹೊಸ ಪಂಚಾಂಗದ ಲೆಕ್ಕದಲ್ಲಿ, ಸೇಂಟ್ ಜೇಮ್ಸ್ ಅರಮನೆಯಲ್ಲಿ ಜಾರ್ಜ್ ವಿಲಿಯಂ ಎಂಬ ಮಗನು ಹುಟ್ಟಿದನು. ನಾಮಕರಣದಲ್ಲಿ ತನ್ನ ಚಿಕ್ಕಪ್ಪನು ಧರ್ಮಪಿತನಾಗಬೇಕೆಂದು ಯುವರಾಜನ ಇಷ್ಟ. ನ್ಯೂಕಾಸಲ್ ಡ್ಯೂಕನೇ ಆಗಬೇಕೆಂದು ಅರಸನ ಆಜ್ಞೆ. ವಿಧಿಯು ಮುಗಿದೊಡನೆ ಯುವರಾಜನು ಡ್ಯೂಕನನ್ನು ಗದರಿಸಿದನು. ಆತನಾಡಿದುದು ‘ಫೈಂಡ್’ ಎಂಬ ಶಬ್ದ, ಡ್ಯೂಕನು ಕೇಳಿಸಿಕೊಂಡುದು ‘ಫೈಟ್’ ಎಂದು. ‘ವಿಚಾರಿಸಿಕೊಳ್ಳುವೆನು’ ಎಂಬುದು ‘ಕಾದುವೆನು’ ಎಂದಾಗಿ ದ್ವಂದ್ವಯುದ್ಧದ ಆಹ್ವಾನವಾಯಿತು. ಸ್ವರ ತಪ್ಪಿದ ಒಂದು ಪದದಿಂದ ವೃತ್ರನು ಕೆಟ್ಟ ಕಥೆಯನ್ನು ಬಲ್ಲ ವೈಯಾಕರಣರು ಇದಕ್ಕೆ ಬೆರಗಾಗಲಾರರು. ಅರಸನು ಮಗನನ್ನು ಅರಮನೆಯಿಂದ ಹೊರಡಿಸಿದನು. ಮಕ್ಕಳನ್ನು ಮಾತ್ರ ಇರಿಸಿಕೊಂಡನು. ಕ್ಯಾರೊಲೀನಳು ಹಸುಗೂಸನ್ನೂ ಮೂವರು ಹೆಣ್ಣುಮಕ್ಕಳನ್ನೂ ಬಿಟ್ಟು ಪತಿಯನ್ನು ಅನುಸರಿಸಿದಳು. ಮೊಮ್ಮಕ್ಕಳ ಪಾಲನೆಯು ಅರಸನ ಹಕ್ಕೆಂದು ಹನ್ನೆರಡು ನ್ಯಾಯಾಧೀಶರಲ್ಲಿ ಹತ್ತು ಮಂದಿ ಅಭಿಪ್ರಾಯವಿತ್ತರು. ಮಗು ಕೆನ್ಸಿಂಗ್ಟನ್ ಅರಮನೆಯಲ್ಲಿ 1718ರ ಫೆಬ್ರವರಿ 17ರಂದು ತೀರಿಕೊಂಡಿತು. ಅದು ಬದುಕಿದುದು ಮೂರು ತಿಂಗಳಿಗೆ ಸ್ವಲ್ಪ ಹೆಚ್ಚು.

ತಾಯಿಯ ಅಗಲಿಕೆಯೇ ಮರಣಕಾರಣವೆಂಬ ಮಾತು ಸುಲಭವಾಗಿ ಹುಟ್ಟುವಂಥದು. ಶವಪರೀಕ್ಷೆಯಲ್ಲಿ ಹೃದಯದ ದೋಷವು ಕಂಡಿತೆಂದು ವೈದ್ಯರು ನುಡಿದರು. ಈ ವರದಿ ಅರಸನಿಗೆ ಅನುಕೂಲವಾದುದು ದಿಟ. ಅಷ್ಟರಿಂದಲೇ ಅದು ಸುಳ್ಳಾಗದು. ಅಗಲಿಕೆಗೂ ಮರಣಕ್ಕೂ ಇರುವ ಸಂಬಂಧವು ಕಾಕತಾಲೀಯವೆಂದೇ ಹೇಳಬೇಕು. ಅರಸನ ನಿಷ್ಠುರತೆಯನ್ನು ಸ್ಥಾಪಿಸಲು ಮಗುವಿನ ಶವವು ಬೇಕಾಗಿಲ್ಲ. ನ್ಯಾಯಾಧೀಶರ ಅಭಿಪ್ರಾಯವೇ ಸಾಕು.

ಈ ಕಥೆಯ ಆಧಾರಗಳನ್ನು ಶೋಧಿಸಬೇಕಾದುದೂ ಅವಶ್ಯ. ಜಗಳದ ವರ್ಣನೆಯು ಹೊರೇಸ್ ವಾಲ್ಪೋಲನು 1788ರಲ್ಲಿ ಬರೆದ ಸ್ಮರಣೆಗಳಲ್ಲಿದೆ. ಆತನೋ 1717ರಲ್ಲಿ ತಾನೇ ತೊಟ್ಟಿಲ ಕೂಸು! ಕ್ಯಾರೊಲೀನಳ ಸೇವೆಯಲ್ಲಿದ್ದ ಲೇಡಿ ಸಫಕ್ ಮುಪ್ಪಿನಲ್ಲಿ ಹೇಳಿದುದನ್ನು ಆತನು ತನ್ನ ಮುಪ್ಪಿನಲ್ಲಿ ಬರೆದನು. ಎಪ್ಪತ್ತು ವರ್ಷಗಳ ದೂರದಲ್ಲಿ ಮಾತಿಗೆ ಹೊಳಪೇರುವುದು ಸಹಜ. ಹತ್ತಿರದಿಂದ ನೋಡಿದ ಲೇಡಿ ಕೂಪರಳ ದಿನಚರಿಯು 1864ರಲ್ಲಿ ಅಚ್ಚಾಯಿತು. ಬೇಕಾದ ವರ್ಷಗಳೇ ಅದರಲ್ಲಿಲ್ಲ. ಆದುದರಿಂದ ‘ಫೈಂಡ್’ ‘ಫೈಟ್’ಗಳ ಸ್ವಾರಸ್ಯವನ್ನು ಅನುಭವಿಸುವವರು ಅದನ್ನು ಸಾಕ್ಷ್ಯವೆಂದು ಎತ್ತಿ ಹಿಡಿಯುವಾಗ ಸ್ವಲ್ಪ ಕೈ ಬಿಗಿಹಿಡಿಯುವುದು ಲೇಸು.

ಮನೆಗಳ ಚರಿತ್ರೆಯಲ್ಲಿ ಮಾತ್ರ ಈ ಘಟನೆಯ ಗುರುತು ನಿಸ್ಸಂದೇಹವಾಗಿದೆ. ಲೆಸ್ಟರ್ ಹೌಸಿನಲ್ಲಿ ಎದುರು ಆಸ್ಥಾನವೊಂದು ಏರ್ಪಟ್ಟಿತು. ಏಕಾಂತಪ್ರಿಯನಾದ ವೃದ್ಧ ಅರಸನೂ 1718ರಲ್ಲಿ ಹ್ಯಾಂಪ್ಟನ್ ಕೋರ್ಟಿನ ಮಹಾಶಾಲೆಯನ್ನು ನಾಟಕರಂಗವಾಗಿ ಮಾರ್ಪಡಿಸಿ ಜನರನ್ನು ಆಕರ್ಷಿಸಬೇಕಾಯಿತು. 1720ರಲ್ಲಿ ತಂದೆಮಕ್ಕಳು ಒಂದಾದರೆಂದು ಸಾರಲಾಯಿತು; ಹೆಣ್ಣುಮಕ್ಕಳು ಆಗಲೂ ತಾಯಿಯ ಮನೆಗೆ ಮರಳಲಿಲ್ಲ. ಇದಕ್ಕಿಂತಲೂ ವಿಚಿತ್ರವಾದುದು ಮುಂದಿನದು: 1737ರಲ್ಲಿ ಎರಡನೆಯ ಜಾರ್ಜನು ತನ್ನ ಮಗನಾದ ಫ್ರೆಡರಿಕನನ್ನು ಅದೇ ಸೇಂಟ್ ಜೇಮ್ಸ್ ಅರಮನೆಯಿಂದ ಹೊರಡಿಸಿದನು. ಆಗಲೂ ನಿಮಿತ್ತವಾದುದು ಒಂದು ಶಿಶುವಿನ ಜನನವೇ! ಫ್ರೆಡರಿಕನು ಬಳಿಕ ಸೇರಿದುದು ಲೆಸ್ಟರ್ ಹೌಸನ್ನು. 1751ರಲ್ಲಿ ಮೃತನಾದುದೂ ಅಲ್ಲಿಯೇ.

ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ಆ ಮನೆಯನ್ನು ಕೆಡಹಿದರು. ನಿಂತಿರುವ ಮನೆಗಳನ್ನು ಹುಡುಕಿ ಹೊರಟ ಪೈನನ ಚಿತ್ರಗಾರರಿಗೆ ಅಲ್ಲಿ ಬರೆಯಲು ಏನೂ ಉಳಿದಿರಲಿಲ್ಲ.