ಅಕ್ಕನ ಮನೆಗೊಂದು ಕಂಪ್ಯೂಟರ್

“ಇಪ್ಪತ್ತು ಸಾವಿರದೊಳಗೆ ಒಂದು ಕಂಪ್ಯೂಟರ್ ನೋಡೋ, ಹೊಸದಾದರೆ ಒಳ್ಳೇದು” ಎಂದು ಅಕ್ಕ ಸಾಗರದಿಂದ ಫೋನ್ ಮಾಡಿದಳು. “ಹೊಸದು ಬೇಡ ಅಕ್ಕ, ಒಳ್ಳೆಯದು ಕೊಡಿಸ್ತೀನಿ” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಸೆಕೆಂಡ್ ಹ್ಯಾಂಡ್ ಎಂದರೆ ಯಾರೋ ಉಟ್ಟು ಬಿಟ್ಟ ಸೀರೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಅವಳ ಸಂಕೋಚ ನನಗೆ ತಿಳಿಯದ್ದಲ್ಲ. ಆದರೆ ಮನೆಬಳಕೆಗೆ ಕಡಿಮೆ ದುಡ್ಡಿನಲ್ಲಿ ಕಂಪ್ಯೂಟರ್ ಬೇಕೆಂದು ಕೇಳಿದವರಿಗೆಲ್ಲ ಕೆಲವು ವರ್ಷಗಳಿಂದ ನಾನು ಹೇಳುತ್ತ ಬಂದಿರುವುದು ಇದನ್ನೇ. ಆಫೀಸಿಗೆಂದು ಗಟ್ಟಿಯಾಗಿ ಕಟ್ಟಿದ, ಆಫೀಸು ಬಿಟ್ಟುಕೊಟ್ಟ ಯಂತ್ರವನ್ನು ನೋಡಿ ಆರಿಸಿ ತನ್ನಿ. ಅಷ್ಟೇ ದುಡ್ಡಿಗೆ ಸಿಗುವ ಅಗ್ಗದ ಹೊಸದು ಅದರ ಹತ್ತಿರ ಸುಳಿಯಲಾರದು.

ಅವಳ ಮನೆಯ ಕೆಲಸ ಏನೇನು ಎಂದು ಕೇಳಿ ಬರೆದುಕೊಂಡೆ. ಭಾವನಿಗೆ ತೋಟದ ಲೆಕ್ಕ, ಕೂಲಿಯ ಲೆಕ್ಕ, ಆಗಾಗ ಪಹಣಿ ತೆಗೆಯುವುದು. ಮಗಳು ದ್ವಿತೀಯ ಪಿಯುಸಿ, ಅವಳಿಗೆ ಪಾಠದ ವಿಡಿಯೊ. ದೂರದಲ್ಲಿರುವ ಮಗನ ಮುಖ ವಾರಕ್ಕೊಮ್ಮೆ ದೊಡ್ಡದಾಗಿ ಕಾಣಬೇಕು. ಅಕ್ಕನಿಗೆ ತನ್ನದೇ ಒಂದು ಕೆಲಸವಿತ್ತು: ಅಮ್ಮ ನೋಟುಬುಕ್ಕಿನಲ್ಲಿ ಬರೆದಿಟ್ಟ ಸಂಪ್ರದಾಯದ ಹಾಡುಗಳು, ಮೂರು ಪುಸ್ತಕ, ಅವನ್ನು ಟೈಪ್ ಮಾಡಿಡಬೇಕು. ಮೊದಲ ಪುಸ್ತಕಕ್ಕೆ ಆಗಲೇ ಗೆದ್ದಲು ಮುಟ್ಟಿದೆ. ಹಾಗಾಗಿ ಮಿಕ್ಕ ಎಲ್ಲಕ್ಕಿಂತ ಈ ಕೆಲಸವನ್ನೇ ಮುಂದಿಟ್ಟುಕೊಂಡು ಯಂತ್ರ ಹುಡುಕಿದೆ.

ಹೊಸದು ಬೇಡ ಎಂದದ್ದಕ್ಕೆ ಕಾರಣ ನಮ್ಮ ಪಕ್ಕದ ಮನೆಯಲ್ಲಿದೆ. ಎರಡು ವರ್ಷದ ಹಿಂದೆ ಅವರು ಮಗನಿಗೆಂದು ಹೊಸ ಲ್ಯಾಪ್‌ಟಾಪ್ ತಂದರು. ತೆಳ್ಳಗೆ, ಹಗುರ, ನೋಡಲು ಚೆಂದ. ಒಳಗಿದ್ದದ್ದು 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ, ಒಂದು ಸೆಲೆರಾನ್ ಪ್ರೊಸೆಸರ್. ಇಎಂಎಂಸಿ ಎಂದರೆ ಅಗ್ಗದ ಫೋನುಗಳಲ್ಲಿ ಇರುವಂಥ ಸಂಗ್ರಹ. ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಕಿತ್ತು ದೊಡ್ಡದು ಹಾಕುವಂತಿಲ್ಲ. ರ್‍ಯಾಮ್ ಕೂಡ ಬೆಸುಗೆಯದೇ. ವಿಂಡೋಸ್ 11 ನಡೆಯಲು ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕೆಂದು ಮೈಕ್ರೋಸಾಫ್ಟೇ ಹೇಳುತ್ತದೆ. ಆ ಯಂತ್ರ ಹುಟ್ಟಿದ್ದೇ ಆ ಗೆರೆಯ ಮೇಲೆ. ವರ್ಷ ಕಳೆಯುವುದರೊಳಗೆ ಅಪ್‌ಡೇಟ್ ಇಳಿಸಲು ಜಾಗ ಸಾಲದಾಯಿತು. ಹುಡುಗ ಒಂದು ಪಾಠ ತೆರೆದು, ಅದರ ಜೊತೆ ಇನ್ನೊಂದು ಕಿಟಕಿ ತೆರೆದರೆ ಮೊದಲನೆಯದು ಬಿಳಿಚಿಕೊಂಡು ನಿಲ್ಲುತ್ತಿತ್ತು. ರಿಪೇರಿಗೆ ಕೊಡೋಣವೆಂದರೆ ಅದರಲ್ಲಿ ರಿಪೇರಿಯಾಗುವಂಥದ್ದೇ ಇಲ್ಲ. ಆ ಹುಡುಗ ತನಗೇ ಕಂಪ್ಯೂಟರ್ ಬರುವುದಿಲ್ಲವೇನೋ ಎಂದುಕೊಂಡಿದ್ದ. ನನಗೆ ಬಹಳ ನೋವಾದದ್ದು ಅದಕ್ಕೆ.

ಕಂಪ್ಯೂಟರ್ ನಿಧಾನವಾಗಲು ಇನ್ನೊಂದು ಕಾರಣ ಹಾರ್ಡ್‌ಡಿಸ್ಕ್. ಲ್ಯಾಪ್‌ಟಾಪಿನ ಹಳೆಯ ಹಾರ್ಡ್‌ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಗ್ರಾಮಫೋನಿನ ಮುಳ್ಳಿನಂಥ ಒಂದು ಕೈ ಬೇಕಾದ ಜಾಗಕ್ಕೆ ಸರಿದು, ತಟ್ಟೆ ತಿರುಗಿ ಬರುವ ತನಕ ಕಾಯಬೇಕು. ಪ್ರತಿ ಸಲಕ್ಕೂ ಸೆಕೆಂಡಿನ ನೂರನೇ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಕೇಳಲಿಕ್ಕೆ ಅಲ್ಪ. ಆದರೆ ಕಂಪ್ಯೂಟರ್ ಏಳುವಾಗ ಸಾವಿರಾರು ಚಿಕ್ಕ ಕಡತಗಳನ್ನು ಅಲ್ಲಿಂದಿಲ್ಲಿಂದ ಎತ್ತಿ ತರಬೇಕಾಗುತ್ತದೆ, ಹಾಗಾಗಿ ಆನ್ ಮಾಡಿ ಕಾಫಿ ಕುಡಿದು ಬಂದರೂ ಅದಿನ್ನೂ ಉರುಳುತ್ತಲೇ ಇರುತ್ತದೆ. ಅದರ ಬದಲು ಬಂದ ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಹತ್ತು ವರ್ಷದ ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿಕೊಟ್ಟಾಗ ಮನೆಮಂದಿಯ ಮುಖದಲ್ಲಿ ಕಾಣುವ ಬೆರಗನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮನೆಗೆ 256 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ್‍ಯಾಮ್ ಸಾಕು. ಅದಕ್ಕಿಂತ ಕೆಳಗೆ ಇಳಿಯಬೇಡಿ. ಐ7 ಬೇಕು, ಗ್ರಾಫಿಕ್ಸ್ ಕಾರ್ಡ್ ಬೇಕು ಎಂದು ಹೇಳುವವರ ಮಾತನ್ನು ಈ ಕೆಲಸಗಳ ಮಟ್ಟಿಗೆ ಪಕ್ಕಕ್ಕಿಡಬಹುದು.

ಬೆಂಗಳೂರಿನಲ್ಲಿ ಇಂಥ ಯಂತ್ರಗಳು ಸಿಗುವುದು ಹೇಗೆಂದರೆ, ದೊಡ್ಡ ಕಂಪನಿಗಳು ಲ್ಯಾಪ್‌ಟಾಪುಗಳನ್ನು ಮೂರು ನಾಲ್ಕು ವರ್ಷದ ಲೀಸಿಗೆ ತರುತ್ತವೆ. ಅವಧಿ ಮುಗಿದೊಡನೆ ನೂರಿನ್ನೂರು ಒಟ್ಟಿಗೆ ಹೊರಬೀಳುತ್ತವೆ. ಅಂಗಡಿಯವರ ಬಾಯಲ್ಲಿ ಅದು ‘ಕಂಪನಿ ಲಾಟ್’. ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೀಟ್‌ಬುಕ್ ಈ ಮೂರು ಸಾಲುಗಳನ್ನು ಕಣ್ಣಿಟ್ಟು ನೋಡಬೇಕು. ದಿನಕ್ಕೆ ಎಂಟು ಹತ್ತು ತಾಸು ದುಡಿಯಲೆಂದು, ಕೆಟ್ಟರೆ ಬೇಗ ಬಿಚ್ಚಿ ಸರಿಮಾಡಲೆಂದು ಕಟ್ಟಿದಂಥವು ಇವು. ಹೊಸದಾಗಿದ್ದಾಗ ಇವುಗಳ ಬೆಲೆಗೆ ನಮ್ಮಂಥವರು ಕೈಹಾಕುವ ಹಾಗೇ ಇರಲಿಲ್ಲ.

ಟೌನ್‌ಹಾಲ್ ಹತ್ತಿರದ ಸಾದರ ಪತ್ರಪ್ಪ ರಸ್ತೆಗೆ, ಎಲ್ಲರ ಬಾಯಲ್ಲಿ ಎಸ್‌ಪಿ ರೋಡ್, ಒಂದು ಬೆಳಗ್ಗೆ ಹೋದೆ. ಮಧ್ಯಾಹ್ನದ ಮೇಲೆ ಅಲ್ಲಿ ನಿಂತು ನಾಲ್ಕು ಮಾತಾಡುವುದೂ ಕಷ್ಟ. ಮೊದಲ ಮಹಡಿಯ ಒಂದು ಅಂಗಡಿಯಲ್ಲಿ ಲ್ಯಾಪ್‌ಟಾಪುಗಳನ್ನು ಹಂಚು ಜೋಡಿಸಿದ ಹಾಗೆ ನಿಲ್ಲಿಸಿದ್ದರು. ನಾನು ಕೇಳಿದ್ದು ಥಿಂಕ್‌ಪ್ಯಾಡ್ ಟಿ480. 2018ರ ಮಾದರಿ. ಅಂಗಡಿಯ ಹುಡುಗ ಮೂರು ತಂದಿಟ್ಟ.

“ಮೂರೂ ಒಂದೇ ಸಾರ್, ಯಾವುದಾದರೂ ತಗೊಳ್ಳಿ.”

ಮೂರೂ ಒಂದೇ ಆಗಿರಲಿಲ್ಲ. ಮೊದಲನೆಯದರೊಳಗೆ ಐ5-7200ಯು ಇತ್ತು, ಉಳಿದೆರಡರಲ್ಲಿ ಐ5-8350ಯು. ಅಡ್ಡಗೆರೆಯ ನಂತರದ ಮೊದಲ ಅಂಕಿ ಆ ಪ್ರೊಸೆಸರ್ ಎಷ್ಟನೇ ತಲೆಮಾರಿನದು ಎಂಬುದನ್ನು ಹೇಳುತ್ತದೆ (ಹತ್ತರಿಂದ ಮುಂದಿನವಕ್ಕೆ ಎರಡು ಅಂಕಿ). ಈ ಒಂದು ಅಂಕಿಯಲ್ಲಿ ಬಹಳ ಅಡಗಿದೆ. 7200ಯುಗೆ ಎರಡೇ ಕೋರ್, 8350ಯುಗೆ ನಾಲ್ಕು. ಅದಕ್ಕಿಂತ ಮುಖ್ಯವಾದದ್ದು, ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದನ್ನೇ ಒಪ್ಪುತ್ತದೆ, ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪನ್ನೂ ಕೇಳುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆರು, ಏಳನೇ ತಲೆಮಾರಿನವುಗಳಿಗೆ ಅಡ್ಡದಾರಿಯಲ್ಲಿ ವಿಂಡೋಸ್ 11 ತುಂಬಿ ಮಾರುವುದು ನಡೆದಿದೆ. ಮುಂದೆ ಅಪ್‌ಡೇಟ್ ನಿಂತರೆ ಕೇಳುವವರಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವ ಮನೆಗೆ ಅದನ್ನು ಒಯ್ಯಬಾರದು. ಮೇಲಿನ ಹೆಸರು ಒಂದೇ ಇದ್ದರೂ ಒಳಗಿನ ಹೂರಣ ಬೇರೆ ಇರುವುದು ಹೀಗೆ.

ಉಳಿದೆರಡರ ಪರದೆ ನೋಡಿದೆ. ಒಂದು 1366ಕ್ಕೆ 768, ಇನ್ನೊಂದು 1920ಕ್ಕೆ 1080. ಎರಡರಲ್ಲೂ ನೋಟ್‌ಪ್ಯಾಡ್ ತೆರೆದು ಕನ್ನಡದ ನಾಲ್ಕು ಸಾಲು ಹಾಕಿ ಪಕ್ಕಪಕ್ಕದಲ್ಲಿಟ್ಟೆ. ಇಂಗ್ಲಿಷಿನವರಿಗೆ ಕಾಣದ ವ್ಯತ್ಯಾಸ ನಮಗೆ ಕಾಣುತ್ತದೆ. ಥ ಮತ್ತು ಧ ನಡುವೆ ಇರುವುದು ಒಂದು ಚುಕ್ಕೆ. ಪ, ಷ, ಫ ಬೇರೆಯಾಗುವುದು ಒಂದೊಂದು ಸಣ್ಣ ಗೀರಿನಿಂದ. ಅದರ ಕೆಳಗೆ ಒತ್ತಕ್ಷರ ಬಂತೆಂದರೆ ಚುಕ್ಕಿಗಳು ಕಡಿಮೆಯಿರುವ ಪರದೆಯಲ್ಲಿ ಎಲ್ಲ ಕಲಸಿಹೋಗುತ್ತದೆ. ಅಕ್ಕನಿಗೆ ಐವತ್ತೆಂಟು, ಕನ್ನಡಕ ಹಾಕಿಯೂ ಕಣ್ಣು ಕಿರಿದು ಮಾಡುವವಳು. ಅಲ್ಲಿಗೆ ಆಯ್ಕೆ ಮುಗಿಯಿತು. 1920ರದ್ದು ಓರೆಯಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಪರದೆ. ಬರೀ ಬಿಳಿ ಪುಟ ತುಂಬಿಸಿ, ಮೂಲೆಗಳಲ್ಲಿ ಕಲೆ ಇದೆಯೇ ಎಂದೂ ನೋಡಿಕೊಂಡೆ.

ಆಮೇಲೆ ಕೀಬೋರ್ಡ್. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾವಾಗಲೂ. ಕೆ.ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದಲ್ಲಿ ನಾವೆಲ್ಲ ಕಲಿತ ಕೀಲಿಮಣೆಯಲ್ಲಿ ‘ಕನ್ನಡ’ ಎಂದು ಬರೆಯಲು ಐದೇ ಒತ್ತು: ಕೆ, ಎನ್, ಎಫ್, ಎನ್, ಡಬ್ಲ್ಯು. ಅಕಾರ ತಾನಾಗಿ ಬರುತ್ತದೆ, ಒತ್ತು ಕೂಡಿಸುವುದು ಎಫ್. ಟಕಾರ ಕ್ಯೂನಲ್ಲಿ, ಡಕಾರ ಡಬ್ಲ್ಯುನಲ್ಲಿ, ಷಕಾರ ಎಕ್ಸ್‌ನಲ್ಲಿ. ಮಹಾಪ್ರಾಣಕ್ಕೆ ಶಿಫ್ಟ್. ಅಂದರೆ ನಮ್ಮ ಎಡಗೈಗೆ, ಅದರಲ್ಲೂ ತೋರುಬೆರಳಿಗೆ, ಬಿಡುವೇ ಇಲ್ಲ. ನನ್ನ ಹಳೆಯ ಕೀಬೋರ್ಡಿನಲ್ಲಿ ಮೊದಲು ಸವೆದು ನುಣುಪಾದದ್ದು ಎಫ್ ಕೀಲಿಯೇ. ಅಗ್ಗದ ಲ್ಯಾಪ್‌ಟಾಪುಗಳ ಕೀಲಿ ಒತ್ತಿದರೆ ಕೀಬೋರ್ಡೇ ನಡುವೆ ಬಗ್ಗುತ್ತದೆ, ಬೆರಳಿಗೆ ತಟ್ಟಿದ ಅನುಭವವೇ ಆಗುವುದಿಲ್ಲ, ಎಫ್ ಬಿದ್ದಿತೋ ಇಲ್ಲವೋ ತಿಳಿಯದೆ ‘ಅಕ್ಕ’ ಹೋಗಿ ‘ಅಕಕ’ ಆಗಿರುತ್ತದೆ. ಥಿಂಕ್‌ಪ್ಯಾಡಿನ ಕೀಲಿಗಳ ನಡು ಸ್ವಲ್ಪ ತಗ್ಗಾಗಿದೆ, ಬೆರಳ ತುದಿ ಅಲ್ಲಿ ಕೂರುತ್ತದೆ; ಒತ್ತಿದರೆ ಒಂದಿಷ್ಟು ಕೆಳಗಿಳಿದು ಖಚಿತವಾಗಿ ನಿಂತು ಮರಳುತ್ತದೆ. 1992ರಲ್ಲಿ ಐಬಿಎಂ ಈ ಹೆಸರಿನಲ್ಲಿ ಲ್ಯಾಪ್‌ಟಾಪ್ ತರಲು ಶುರುಮಾಡಿತು, 2005ರಲ್ಲಿ ಅದು ಲೆನೊವೊ ಪಾಲಾಯಿತು. ಕೀಲಿಗಳ ಆಕಾರ ಬದಲಾಗಿದೆ, ಹಳಬರು ಇವತ್ತಿಗೂ ಹಿಂದಿನದನ್ನು ನೆನೆಯುತ್ತಾರೆ. ಆದರೂ ಈ ಬೆಲೆಗೆ ಇದಕ್ಕಿಂತ ಒಳ್ಳೆಯ ಕೀಬೋರ್ಡ್ ನನ್ನ ಕೈಗೆ ಸಿಕ್ಕಿಲ್ಲ. ಮೇಲೆ ನೀರು ಚೆಲ್ಲಿದರೆ ಅಡಿಯ ತೂತುಗಳಿಂದ ಹರಿದುಹೋಗುವ ವ್ಯವಸ್ಥೆಯೂ ಇದೆ. ಅಡುಗೆಮನೆಯ ಕಟ್ಟೆಯ ಮೇಲೆ ಇಡುವವರಿಗೆ ಇದು ಸಣ್ಣ ವಿಷಯವಲ್ಲ. ಪ್ರತಿ ಕೀಲಿಯನ್ನೂ ಒಂದೊಂದಾಗಿ ಒತ್ತಿ ನೋಡಿದೆ. ಹುಡುಗ ತಾಳ್ಮೆಯಿಂದ ನಿಂತಿದ್ದ.

ದುಡ್ಡು ಕೊಡುವ ಮುಂಚೆ ಇನ್ನೊಂದು ಕೆಲಸವಿದೆ, ಅದನ್ನು ನಾನು ಪೆಟ್ಟು ತಿಂದು ಕಲಿತದ್ದು. ಹಿಂದೊಮ್ಮೆ ಗೆಳೆಯನಿಗೆಂದು ಬೇರೊಂದು ಅಂಗಡಿಯಿಂದ ಕೊಂಡ ಲ್ಯಾಪ್‌ಟಾಪು ಎರಡು ತಿಂಗಳು ಚೆನ್ನಾಗಿ ನಡೆಯಿತು. ವಿಂಡೋಸನ್ನು ಹೊಸದಾಗಿ ಹಾಕಿ ವೈಫೈಗೆ ಜೋಡಿಸಿದ್ದೇ ತಡ, ಯಾವುದೋ ಕಂಪನಿಯ ಹೆಸರು ಮೂಡಿ ಅಲ್ಲಿನ ನೌಕರನ ಐಡಿ ಕೇಳಿತು. ಹಳೆಯ ಮಾಲೀಕರು ತಮ್ಮ ಪಟ್ಟಿಯಿಂದ ಆ ಯಂತ್ರವನ್ನು ತೆಗೆದೇ ಇರಲಿಲ್ಲ. ಗೆಳೆಯನಿಗೆ ನಾನು ಮುಖ ತೋರಿಸದ ಹಾಗಾಯಿತು. ಅಂದಿನಿಂದ ಅಂಗಡಿಯಲ್ಲೇ ವಿಂಡೋಸ್ ರೀಸೆಟ್ ಮಾಡಿಸಿ, ನನ್ನ ಮೊಬೈಲ್ ಹಾಟ್‌ಸ್ಪಾಟಿಗೆ ಜೋಡಿಸಿ, ಯಾವ ಕಂಪನಿಯ ಹೆಸರೂ ಬರುವುದಿಲ್ಲ ಎಂದು ಕಂಡ ಮೇಲೆಯೇ ಜೇಬಿಗೆ ಕೈಹಾಕುತ್ತೇನೆ. ಆನ್ ಆಗುವಾಗ ಎಫ್1 ಒತ್ತಿ ಬಯೋಸ್ ಎಂಬ ಮೂಲ ಸೆಟ್ಟಿಂಗಿನ ಒಳಗೆ ಹೋಗಿ ಪಾಸ್‌ವರ್ಡ್ ಕೇಳುತ್ತದೆಯೇ ಎಂದೂ ನೋಡಬೇಕು. ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10. ಕೇಳಿದರೆ ಬಿಟ್ಟುಬಿಡಿ.

ಟಿ480ಗೆ ಬ್ಯಾಟರಿ ಎರಡು. ಒಂದು ಒಳಗೆ, ಇನ್ನೊಂದು ಹಿಂದೆ. ಕಂಪ್ಯೂಟರ್ ಆರಿಸದೆಯೇ ಹಿಂದಿನದನ್ನು ಕಳಚಿ ಬೇರೆ ಸಿಕ್ಕಿಸಬಹುದು, ಅಷ್ಟು ಹೊತ್ತು ಒಳಗಿನದು ಹಿಡಿದಿರುತ್ತದೆ. ಆಗಾಗ ಕರೆಂಟ್ ಹೋಗುವ ಮಳೆಗಾಲದ ಸಾಗರಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ್ದು ಬೇರೆ ಬೇಕೆ? ವಿಂಡೋಸಿನ ಬ್ಯಾಟರಿ ರಿಪೋರ್ಟ್ ತೆಗೆಸಿದೆ. ಹುಟ್ಟುವಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎಂಬ ಎರಡೂ ಸಂಖ್ಯೆ ಅದರಲ್ಲಿ ಇರುತ್ತವೆ. ಒಳಗಿನದು ಮುಕ್ಕಾಲು ಪಾಲು ಉಳಿದಿತ್ತು. ಹಿಂದಿನದು ಸೋತಿತ್ತು, ಬದಲಿಸಿಕೊಟ್ಟರು. ಎಲ್ಲ ಸೇರಿ 19,500 ಕೊಟ್ಟೆ, ಆರು ತಿಂಗಳ ವಾರಂಟಿ, ಬಿಲ್ ಸಮೇತ. ಬಿಲ್ ಇಲ್ಲದ ಅಂಗಡಿಯಲ್ಲಿ ಐನೂರು ಉಳಿಸಲು ಹೋಗಬೇಡಿ. 2025ರ ಕೊನೆಯ ತಿಂಗಳುಗಳಿಂದ ರ್‍ಯಾಮ್ ಬೆಲೆ ಏರಿರುವುದರಿಂದ, ಬೇಕಾದಷ್ಟು ರ್‍ಯಾಮ್ ಮೊದಲೇ ಇರುವುದನ್ನು ಹುಡುಕುವುದು ಜಾಣತನ.

ಮೇಜು ಬಿಟ್ಟು ಕದಲದ ಕಂಪ್ಯೂಟರ್ ಸಾಕು ಎನ್ನುವ ಪೇಟೆಯ ಮನೆಗೆ ನಾನು ಬೇರೆ ದಾರಿ ಹೇಳುತ್ತೇನೆ. ಡೆಲ್ ಆಪ್ಟಿಪ್ಲೆಕ್ಸ್ 3060 ಮೈಕ್ರೋ, ಲೆನೊವೊ ಎಂ720ಕ್ಯೂ ಇಂಥವು ಒಂದು ದಪ್ಪ ಪಂಚಾಂಗದಷ್ಟು ದೊಡ್ಡವು, ಲ್ಯಾಪ್‌ಟಾಪಿನಂಥದೇ ಅಡಾಪ್ಟರ್, ಮಾನಿಟರಿನ ಬೆನ್ನಿಗೇ ತಗುಲಿಸಿಡಬಹುದು. ಇನ್ನೂ ಅಗ್ಗ. ಏಳನೇ ತಲೆಮಾರಿನದು ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಹಾಕಿ, 2029ರವರೆಗೆ ಅಪ್‌ಡೇಟ್ ಬರುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ಅಲ್ಲಿಯೂ ‘ಕೆಜಿಪಿ’ ಎಂಬ ಹೆಸರಿನಲ್ಲಿ ಸಿಗುತ್ತದೆ.

ಲ್ಯಾಪ್‌ಟಾಪನ್ನು ನಾನೇ ತೆಗೆದುಕೊಂಡು ಹೋದೆ. ಭಾವ ತಿರುಗಿಸಿ ಮುರುಗಿಸಿ ನೋಡಿ, “ಗಟ್ಟಿ ಇದೆ ಮಾರಾಯ” ಎಂದರು. ಅಕ್ಕ ಮೊದಲು ಒದ್ದೆ ಬಟ್ಟೆ ತಂದಳು, ಬೇಡವೆಂದು ತಡೆದು ಒಣ ಬಟ್ಟೆ ಕೊಟ್ಟೆ. ‘ನುಡಿ’ ಹಾಕಿ, ಯೂನಿಕೋಡ್ ಆರಿಸಿ, ಎಫ್ ಎಲ್ಲಿದೆ ಎಂದು ತೋರಿಸಿದೆ. ಆ ಕೀಲಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತದಲ್ಲ, ಅದನ್ನು ಬೆರಳಿನಿಂದ ಮುಟ್ಟಿ ಗುರುತು ಮಾಡಿಕೊಂಡಳು. ಸಂಜೆ ಗೆದ್ದಲು ಹಿಡಿದ ಪುಸ್ತಕವನ್ನು ಎಡಕ್ಕೆ ತೆರೆದಿಟ್ಟು ಕೂತಳು. ಅಮ್ಮನ ಅಕ್ಷರ, ಒಂದೊಂದೇ ಸಾಲು. ಏಳೂವರೆಗೆ ಕರೆಂಟ್ ಹೋಯಿತು. ಪರದೆಯ ಬೆಳಕಿನಲ್ಲಿ ನೋಟುಬುಕ್ಕನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡು, “ಇದು ಬೀಗರನ್ನು ಎದುರುಗೊಳ್ಳೋ ಹಾಡು ಕಣೋ, ನಿನಗೆ ನೆನಪಿದೆಯಾ?” ಎಂದು ಕೇಳುತ್ತ ಟೈಪ್ ಮಾಡುತ್ತಲೇ ಇದ್ದಳು.